ತಕ್ಕಡಿಗೆ ಸಿಕ್ಕದ ಕೊಬ್ಬು

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಮಿಷನ್ ಆಸ್ಪತ್ರೆಯೆಂದೇ ಕರೆಯುವರು. ಅಲ್ಲಿ ಜನಿಸಿದ ಶಿಶುಗಳ ತೂಕವನ್ನೂ ಉದ್ದವನ್ನೂ 1934ರಿಂದ ಬರೆದಿಟ್ಟ ದಾಖಲೆಗಳಿವೆ. ಹಾಗೆ ಜನಿಸಿ 39ರಿಂದ 60 ವರ್ಷದವರೆಗಿನ ಪ್ರಾಯಕ್ಕೆ ಬಂದಿದ್ದ 506 ಮಂದಿಯನ್ನು ಪರೀಕ್ಷಿಸಿದ ವರದಿ 1998ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಉದ್ದ ಕಡಮೆಯಾಗಿ ಮೈ ದುಂಡಗಿದ್ದವರಲ್ಲಿ ಮಧುಮೇಹ ಹೆಚ್ಚಾಗಿತ್ತೆಂದು ಅದರಿಂದ ತಿಳಿಯಿತು. ಆ ಅಧ್ಯಯನ ಮೂಳೆಯನ್ನು ಕುರಿತದ್ದಲ್ಲ. ಆದರೆ ದೇಹವು ಎಳೆತನದ ಲೆಕ್ಕವನ್ನು ಬಹುಕಾಲ ಮರೆಯದೆಂಬ ಪಾಠ ಅದರಲ್ಲಿದೆ. ಮೂಳೆಯೊಳಗಿನ ಮಜ್ಜೆಯ ವಿಷಯದಲ್ಲಿಯೂ ಈ ಪಾಠವನ್ನು ನೆನೆಯಬೇಕೆಂದು ನಮ್ಮ ಅಭಿಪ್ರಾಯ.

ಮಜ್ಜೆಯೆಂದರೆ ಮೂಳೆಯ ಪೊಳ್ಳನ್ನು ತುಂಬಿದ ಬರಿಯ ನೆಣವಲ್ಲ. ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳನ್ನು ತಯಾರಿಸುವ ಕಾರ್ಖಾನೆ ಅದು. ಶಿಶುವಿನಲ್ಲಿ ಮಜ್ಜೆ ಬಹುಮಟ್ಟಿಗೆ ಕೆಂಪು. ಬೆಳೆದಂತೆ ಕೈಕಾಲುಗಳಲ್ಲಿ ಅದು ಕೊಬ್ಬು ತುಂಬಿದ ಹಳದಿ ಮಜ್ಜೆಯಾಗುತ್ತದೆ. ಇದು ಸಹಜವೇ. ಆದರೆ ಮಜ್ಜೆಯ ಒಂದು ಬಗೆಯ ಮೂಲಕೋಶಗಳು ಮೂಳೆ ಕಟ್ಟುವ ಕೋಶಗಳೂ ಆಗಬಲ್ಲವು, ಕೊಬ್ಬಿನ ಕೋಶಗಳೂ ಆಗಬಲ್ಲವು. ಮುಪ್ಪು ಬಂದಂತೆ ಅವು ಕೊಬ್ಬಿನ ಕಡೆಗೆ ವಾಲುವುವು. ಬೊಜ್ಜೂ ಅದೇ ಕಡೆಗೆ ತಳ್ಳುವಂತೆ ಕಾಣುತ್ತದೆ: ಹೊಟ್ಟೆಯೊಳಗೆ ಕೊಬ್ಬು ಹೆಚ್ಚಿದವರ ಬೆನ್ನುಮೂಳೆಯ ಮಜ್ಜೆಯಲ್ಲಿಯೂ ಕೊಬ್ಬು ಹೆಚ್ಚಿರುವುದು ಕಂಡುಬಂದಿದೆ. ಹೀಗಾದಾಗ ಮೂಳೆ ಸೊರಗಬಹುದು, ರಕ್ತದ ತಯಾರಿಕೆಯೂ ಕುಂದಬಹುದು.

ಮೂಳೆಯೊಳಗೆ ಅಡಗಿದ ಕೊಬ್ಬನ್ನು ಅಳೆಯುವುದೆಂತು? ಇಲ್ಲಿ ಭೌತವಿಜ್ಞಾನ ನೆರವಿಗೆ ಬರುತ್ತದೆ. 1.5 ಟೆಸ್ಲಾ ಕಾಂತಕ್ಷೇತ್ರದಲ್ಲಿ ಜಲಜನಕದ ಪರಮಾಣು ಬೀಜಗಳು ಓಲಾಡುವ ಬುಗುರಿಗಳಂತೆ ಸೆಕೆಂಡಿಗೆ ಸುಮಾರು 6.4 ಕೋಟಿ ಸಲ ಸುತ್ತುತ್ತವೆ. ಕೊಬ್ಬಿನಲ್ಲಿರುವ ಬೀಜಗಳಲ್ಲಿ ಹೆಚ್ಚಿನವು ನೀರಿನಲ್ಲಿರುವುವಕ್ಕಿಂತ ಸೆಕೆಂಡಿಗೆ ಸುಮಾರು 220 ಸುತ್ತು ಹಿಂದುಳಿಯುತ್ತವೆ. ಎಂ.ಆರ್.ಐ. ಯಂತ್ರ ಈ ಅಲ್ಪ ವ್ಯತ್ಯಾಸವನ್ನೇ ಹಿಡಿದು, ಸೂಜಿ ಚುಚ್ಚದೆ ಕೊಬ್ಬಿನ ಪಾಲನ್ನು ತಿಳಿಸುತ್ತದೆ.

ಹಾಗೆ ಅಳೆದಾಗ ಒಂದು ವಿಚಿತ್ರ ಹೊರಬಿದ್ದಿತು. ತೆಳ್ಳಗಾಗುವ ಗೀಳಿನಿಂದ ಊಟ ಬಿಟ್ಟು ಕೃಶರಾದ ರೋಗಿಗಳ ಮಜ್ಜೆಯಲ್ಲಿಯೂ ಕೊಬ್ಬು ಹೆಚ್ಚಾಗಿತ್ತು! ಆದ್ದರಿಂದ ತಕ್ಕಡಿಯ ಮುಳ್ಳನ್ನು ನಂಬಿ ಉಪವಾಸ ಮಾಡುವ ತರುಣರು ಮೋಸಹೋಗುವರು. ಮೂಳೆಗೆ ಬೇಕಾದುದು ಸಾಕಷ್ಟು ಆಹಾರ ಮತ್ತು ಭಾರ ಹೊರುವ ದುಡಿಮೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ವ್ಯಾಯಾಮದಿಂದ ಮಜ್ಜೆಯ ಕೊಬ್ಬು ತಗ್ಗಿದುದುಂಟು.

‘ಹದಿನೇಳರ ಹುಡುಗರಿಗೆ ಮುಪ್ಪಿನ ಚಿಂತೆಯೇಕೆ?’ ಎಂದು ಕೆಲವರು ಕೇಳಬಹುದು. ಮನುಷ್ಯನ ಮೂಳೆಯ ಬಂಡವಾಳ ಬಹುಪಾಲು ಕೂಡಿಬರುವುದು ಮೂವತ್ತರೊಳಗೆ. ಅನಂತರದ್ದು ಹೆಚ್ಚಾಗಿ ಖರ್ಚಿನ ಬಾಳು. ಹೀಗಿರಲು, ಅಂಕಗಳ ಆಸೆಯಿಂದ ಆಟದ ಅವಧಿಯನ್ನು ಪಾಠಕ್ಕೆ ಕಬಳಿಸುವ ನಮ್ಮಂಥ ಅಧ್ಯಾಪಕರು ವಿದ್ಯಾರ್ಥಿಗಳ ಬಂಡವಾಳಕ್ಕೇ ಕೈಹಾಕುತ್ತಿದ್ದೇವೆ. ಆ ಅವಧಿಯನ್ನು ಅವರಿಗೆ ಹಿಂದಿರುಗಿಸಬೇಕು. ವಿದ್ಯಾರ್ಥಿಗಳೂ ಅದನ್ನು ಕುಳಿತು ಕಳೆಯಬಾರದು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳು ನಮ್ಮೂರಿನಲ್ಲೇ ಇವೆ, ಏರುವುದಕ್ಕೆ ಶುಲ್ಕವಿಲ್ಲ.