ಠಾಣೆಯ ಮೆಟ್ಟಿಲವರೆಗೆ ಜೊತೆಗೆ ಬರುವವಳು

ತೆಲಂಗಾಣ ರಾಜ್ಯ ಮಹಿಳಾ ಆಯೋಗದ ಅಧ್ಯಕ್ಷರಿಗೆ,
ಹೈದರಾಬಾದು

ಮಾನ್ಯರೆ,

2024ರ ಸೆಪ್ಟೆಂಬರಿನಲ್ಲಿ ಕೋಠಿಯ ಮಹಿಳಾ ವಿಶ್ವವಿದ್ಯಾಲಯಕ್ಕೆ ಚಾಕಲಿ ಐಲಮ್ಮನವರ ಹೆಸರಿಡುವುದಾಗಿ ಮುಖ್ಯಮಂತ್ರಿ ರೇವಂತ್ ರೆಡ್ಡಿ ಪ್ರಕಟಿಸಿದರು. ಐಲಮ್ಮನವರ ಮೊಮ್ಮಗಳನ್ನು ನಿಮ್ಮ ಆಯೋಗದ ಸದಸ್ಯೆಯಾಗಿ ನೇಮಿಸುವ ಮಾತೂ ಅದೇ ಸಮಾರಂಭದಲ್ಲಿ ಬಂತು. ಪಾಲಕುರ್ತಿಯ ಮಡಿವಾಳ ಕುಟುಂಬದ ಆ ತಾಯಿಗೆ ಇದಕ್ಕಿಂತ ದೊಡ್ಡ ಗೌರವ ಇರಲಾರದು. ಆದರೆ 1940ರ ದಶಕದಲ್ಲಿ ವಿಸ್ನೂರಿನ ಜಮೀನ್ದಾರ ದೇಶಮುಖನ ಆಳುಗಳು ಅವರ ನಾಲ್ಕೆಕರೆಯ ಫಸಲು ಹೊತ್ತೊಯ್ಯಲು ಬಂದಾಗ ಐಲಮ್ಮ ಒಬ್ಬರೇ ನಿಂತಿರಲಿಲ್ಲ. ಬೆನ್ನಿಗೆ ಜಮೀನ್ದಾರರ ವಿರುದ್ಧ ಹೋರಾಟ ಕಟ್ಟಿದ್ದ ಸಂಘದ ಜನ ಇದ್ದರು. ಪ್ರತಿಮೆ ಕಡೆಯುವಾಗ ಒಬ್ಬರನ್ನೇ ನಿಲ್ಲಿಸುತ್ತಾರೆ, ಜೊತೆಗಿದ್ದವರು ಕಲ್ಲಿಗೆ ಬರುವುದಿಲ್ಲ.

ಆ ಜೊತೆಗಿದ್ದವರನ್ನು ಹುಡುಕಿಕೊಂಡು ಹೋದವರು ಇದೇ ಹೈದರಾಬಾದಿನ ಹೆಂಗಸರು. 1978ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಸ್ತ್ರೀ ಶಕ್ತಿ ಸಂಘಟನೆಯವರು ಆ ಕಾಲದ ತೆಲಂಗಾಣ ಸಶಸ್ತ್ರ ಹೋರಾಟದಲ್ಲಿದ್ದ ಮಹಿಳೆಯರನ್ನು ಕಂಡು, ಅವರ ಮಾತನ್ನು ಅವರ ಬಾಯಿಂದಲೇ ದಾಖಲಿಸಿ, 1986ರಲ್ಲಿ 'ಮನಕು ತೆಲಿಯನಿ ಮನ ಚರಿತ್ರ' ಎಂಬ ಪುಸ್ತಕ ತಂದರು. ಕಾಡಿನಲ್ಲಿ ಅಡಗಿ, ಕೋವಿ ಹಿಡಿದು, ಸುದ್ದಿ ಹೊತ್ತು ನಡೆದವರ ಕಥೆ ಅದು. ಹೋರಾಟ ಮುಗಿಯುತ್ತಲೇ ತಮ್ಮನ್ನು ಮತ್ತೆ ಒಲೆಯ ಮುಂದೆ ಕೂರಿಸಿದ ನೋವನ್ನೂ ಆ ಮಹಿಳೆಯರು ಹೇಳಿಕೊಂಡಿದ್ದಾರೆ. ಹೆಣ್ಣಿಗೆ ಸಿಕ್ಕ ಹಕ್ಕು ಸಿಕ್ಕಲ್ಲೇ ಉಳಿಯುತ್ತದೆ ಎಂದು ನಂಬಿರುವವರು ಆ ಪುಟಗಳನ್ನು ಓದಬೇಕು.

ಆ ಸಂಘಟನೆ ಹುಟ್ಟಿದ ವರ್ಷದ ಮಾರ್ಚ್‌ನಲ್ಲಿ ನಲ್ಲಕುಂಟ ಪೊಲೀಸ್ ಠಾಣೆಯಲ್ಲಿ ಒಬ್ಬ ಹೆಣ್ಣುಮಗಳ ಮೇಲೆ ಪೊಲೀಸರಿಂದಲೇ ಅತ್ಯಾಚಾರವಾಯಿತು. ರಿಕ್ಷಾ ತುಳಿಯುತ್ತಿದ್ದ ಗಂಡ ಪೊಲೀಸರ ಏಟಿಗೆ ಸತ್ತ. ಆಕೆಯ ಹೆಸರನ್ನು ಪತ್ರಿಕೆಗಳು ಆಗ ಎಗ್ಗಿಲ್ಲದೆ ಬರೆದವು, ಇಲ್ಲಿ ಬರೆಯುವುದಿಲ್ಲ. ಊರು ಹೊತ್ತಿ ಉರಿಯಿತು, ಗೋಲಿಬಾರಿನಲ್ಲಿ ಜನ ಪ್ರಾಣ ಬಿಟ್ಟರು. ನ್ಯಾಯಮೂರ್ತಿ ಮುಕ್ತದರ್ ಆಯೋಗದ ವಿಚಾರಣೆಯಲ್ಲಿ ಪೊಲೀಸರ ಪರ ನಿಂತವರು ಮೊದಲು ಕೈಹಾಕಿದ್ದು ಆಕೆಯ ಶೀಲಕ್ಕೆ. ಆಯೋಗ ಅದಕ್ಕೆ ಮಣಿಯದೆ ಪೊಲೀಸರದ್ದೇ ತಪ್ಪು ಎಂದಿತು. ಮುಂದೆ ಮೊಕದ್ದಮೆ ಕರ್ನಾಟಕಕ್ಕೆ ವರ್ಗವಾಯಿತು. 1981ರ ಫೆಬ್ರವರಿಯಲ್ಲಿ ರಾಯಚೂರಿನ ಸೆಷನ್ಸ್ ನ್ಯಾಯಾಲಯ ಆರೋಪಿಗಳೆಲ್ಲರನ್ನೂ ಬಿಡುಗಡೆ ಮಾಡಿತು.

ಹೈದರಾಬಾದಿನ ಹೆಣ್ಣಿನ ವಿಷಯದಲ್ಲಿ ಕನ್ನಡದವರು ಯಾಕೆ ಪತ್ರ ಬರೆಯಬೇಕು ಎಂದು ಯಾರಾದರೂ ಕೇಳಿದರೆ ಮೊದಲ ಉತ್ತರ ರಾಯಚೂರು. ನಿಜಾಮನ ಕಾಲದಿಂದ 1956ರವರೆಗೆ ಈ ಊರಿನ ಆಡಳಿತದಡಿಯಲ್ಲೇ ಇದ್ದ ಆ ಜಿಲ್ಲೆಯಲ್ಲಿ ಆಕೆಯ ದೂರು ಕೊನೆಗೆ ಸೋತಿತು. ದೂರು ಸೋತರೂ ಕೂಗು ಸೋಲಲಿಲ್ಲ. ನಲ್ಲಕುಂಟದ ಈ ಪ್ರಕರಣವೂ, ಠಾಣೆಯಲ್ಲೇ ಅತ್ಯಾಚಾರ ನಡೆದ ಮಹಾರಾಷ್ಟ್ರದ ಮಥುರಾ ಪ್ರಕರಣವೂ ಸೇರಿ ದೇಶದ ಮಹಿಳೆಯರನ್ನು ಬೀದಿಗಿಳಿಸಿದವು. 1983ರಲ್ಲಿ ಸಂಸತ್ತು ಕಾನೂನು ತಿದ್ದಿತು. ಪೊಲೀಸರ ವಶದಲ್ಲಿರುವ ಹೆಣ್ಣು ತನ್ನ ಒಪ್ಪಿಗೆ ಇರಲಿಲ್ಲ ಎಂದರೆ ನ್ಯಾಯಾಲಯ ಅದನ್ನೇ ನಂಬಿ ಮುಂದುವರಿಯಬೇಕು ಎಂಬ ನಿಯಮ ಬಂದದ್ದು ಆಗ.

ಹೆಣ್ಣಿನ ಜೊತೆಗೆ ಒಬ್ಬರು ನಿಂತ ಇನ್ನೊಂದು ಘಟನೆ. 1991ರ ಆಗಸ್ಟ್‌ನಲ್ಲಿ ಹೈದರಾಬಾದಿನಿಂದ ದೆಹಲಿಗೆ ಹೊರಟಿದ್ದ ವಿಮಾನದಲ್ಲಿ ಪುಟ್ಟ ಹುಡುಗಿಯೊಬ್ಬಳು ಅಳುತ್ತಿದ್ದಳು. ಪಕ್ಕದಲ್ಲಿ ಅವಳನ್ನು ಮದುವೆಯಾಗಿದ್ದ ಸೌದಿಯ ಮುದುಕ. ಗಗನಸಖಿ ಅಮೃತಾ ಅಹ್ಲುವಾಲಿಯಾ ಹುಡುಗಿಯನ್ನು ಮಾತನಾಡಿಸಿದರು, ವಿಷಯ ತಿಳಿದು ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದರು. ಮದುವೆ ಮಾಡಿಸಿದವರು, ಟಿಕೆಟ್ ನೋಡಿದವರು, ಸಹಪ್ರಯಾಣಿಕರು ಎಲ್ಲರ ಕಣ್ಣಿಗೂ ಆ ಹುಡುಗಿ ಬಿದ್ದಿದ್ದಳು. ಯಾಕೆ ಅಳುತ್ತಿದ್ದೀಯ ಎಂದು ವಿಚಾರಿಸಿದ್ದು ಒಬ್ಬರು. ಆ ದಂಧೆ ಅಲ್ಲಿಗೇ ನಿಲ್ಲಲಿಲ್ಲ. 2017ರ ಸೆಪ್ಟೆಂಬರಿನಲ್ಲಿ ಇಂಥದೇ ಜಾಲದ ಮೇಲೆ ಬಿದ್ದ ಪೊಲೀಸರು ಅರಬ್ ಪ್ರಜೆಗಳನ್ನೂ ಖಾಜಿಗಳನ್ನೂ ಬಂಧಿಸಬೇಕಾಯಿತು. ಹಳೇ ನಗರದ ಗಲ್ಲಿಗಳಲ್ಲಿ ಇಂಥ ಹುಡುಗಿಯರ ಜೊತೆ ವರ್ಷಗಳಿಂದ ಕೆಲಸ ಮಾಡುತ್ತಿರುವುದು ದಖ್ಖನಿ ಕವಿ ಜಮೀಲಾ ನಿಶಾತ್ ಕಟ್ಟಿದ ಶಾಹೀನ್ ಸಂಸ್ಥೆ.

2019ರ ನವೆಂಬರ್ 27ರ ರಾತ್ರಿಯನ್ನು ನಿಮಗೆ ನೆನಪಿಸಬೇಕಾಗಿಲ್ಲ. ಶಂಷಾಬಾದಿನ ಟೋಲ್ ಬಳಿಯಿಂದ ಕಾಣೆಯಾಗಿ, ಅತ್ಯಾಚಾರಕ್ಕೂ ಕೊಲೆಗೂ ಈಡಾದ ಪಶುವೈದ್ಯೆಯ ಮನೆಯವರು ದೂರು ಕೊಡಲು ಹೋದಾಗ, ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಮಾತು ಕೇಳಿ ಠಾಣೆಯಿಂದ ಠಾಣೆಗೆ ಅಲೆದರು. ಆಮೇಲೆ ಮೂವರು ಪೊಲೀಸರು ಅಮಾನತಾದರು. ಸರ್ಕಾರಿ ಬಸ್ ಸಂಸ್ಥೆ ಆರ್‌ಟಿಸಿಯ ಮಹಿಳಾ ಸಿಬ್ಬಂದಿಗೆ ರಾತ್ರಿ ಎಂಟರ ನಂತರ ಕೆಲಸ ಕೊಡಬೇಡಿ ಎಂದು ಅಂದಿನ ಮುಖ್ಯಮಂತ್ರಿ ಹೇಳಿದರು. ಡಿಸೆಂಬರ್ 6ರ ಬೆಳಗಿನ ಜಾವ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದರು, ಜನ ಹೂ ಸುರಿದರು. ಅಂಥ ದಿನ ಹೈದರಾಬಾದಿನ ಕೆಲವು ಮಹಿಳಾ ಕಾರ್ಯಕರ್ತೆಯರು, ನಮ್ಮ ಹೆಸರಿನಲ್ಲಿ ಈ ಕೊಲೆ ಬೇಡ ಎಂಬ ನಿಲುವು ತಳೆದು ಹೈಕೋರ್ಟಿನ ಮೊರೆ ಹೋದರು. ಶವಗಳನ್ನು ಕಾಪಿಡಲು ನ್ಯಾಯಾಲಯ ಆದೇಶಿಸಿತು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು: ಕೊಲ್ಲಬೇಕೆಂದೇ ಗುಂಡು ಹಾರಿಸಲಾಗಿತ್ತು ಎಂದಿತು. ಊರೆಲ್ಲ ಒಂದು ಕಡೆ ಇದ್ದಾಗ ಬೈಗುಳ ತಿಂದುಕೊಂಡು ಇನ್ನೊಂದು ಕಡೆ ನಿಂತ ಆ ಹೆಂಗಸರ ಧೈರ್ಯಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ.

2019ರ ಆ ದಿನಗಳಲ್ಲಿ ನಿಮ್ಮ ಆಯೋಗದ ಅಧ್ಯಕ್ಷ ಸ್ಥಾನ ಖಾಲಿ ಇತ್ತು. 2018ರಲ್ಲಿ ಖಾಲಿಯಾದ ಕುರ್ಚಿ ತುಂಬಿದ್ದು 2021ರ ಜನವರಿಯಲ್ಲಿ.

ಈಗ ಏನು ಕಮ್ಮಿಯಾಗಿದೆ ಎಂದು ಕೇಳುವವರಿದ್ದಾರೆ. 2014ರ ಅಕ್ಟೋಬರ್ 24ರಿಂದ ಕಿರುಕುಳ ತಡೆಯುವ ಪೊಲೀಸರ ಶೀ ಟೀಮ್‌ಗಳಿವೆ. 2016ರಿಂದ ಭರೋಸಾ ಕೇಂದ್ರದಲ್ಲಿ ಪೊಲೀಸು, ವೈದ್ಯರು, ವಕೀಲರು, ಆಪ್ತ ಸಮಾಲೋಚಕರು ಒಂದೇ ಸೂರಿನಡಿ ಸಿಗುತ್ತಾರೆ. ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದೆಂಬುದು 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೇ ಬರೆದಿದೆ. 2023ರ ಡಿಸೆಂಬರಿನಿಂದ ತೆಲಂಗಾಣದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಹೊಡೆಯುವ ಗಂಡನ ಹತ್ತಿರವೇ ಬಸ್ ಚಾರ್ಜಿಗೆ ಕೈಚಾಚದೆ ಭರೋಸಾಕ್ಕೆ ಹೋಗಬಹುದಲ್ಲ, ಆ ಒಂದು ಕಾರಣಕ್ಕೇ ಈ ಯೋಜನೆಯನ್ನು ಮೆಚ್ಚಬೇಕು.

ಇಷ್ಟೆಲ್ಲ ಇದ್ದೂ ದೂರು ಹೊಸ್ತಿಲು ದಾಟುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತೆಲಂಗಾಣದಲ್ಲಿ ಮದುವೆಯಾದ ಮಹಿಳೆಯರಲ್ಲಿ ಸುಮಾರು ಶೇ 37 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು, ಕರ್ನಾಟಕದಲ್ಲಿ ಶೇ 44. ದೇಶದ ಲೆಕ್ಕದಲ್ಲಿ, ಹಿಂಸೆ ಉಂಡವರ ಪೈಕಿ ನೆರವು ಕೇಳಿದವರು ಶೇ 14. ಶೇ 77ರಷ್ಟು ಮಂದಿ ನೆರವನ್ನೂ ಕೇಳಿಲ್ಲ, ಯಾರ ಬಳಿಯೂ ಬಾಯಿ ಬಿಟ್ಟಿಲ್ಲ. ಈ ಮೌನಕ್ಕೆ ಹೊಸ ಕಾನೂನು ಮದ್ದಲ್ಲ. ಪಕ್ಕದ ಮನೆಯವಳೋ ಜೊತೆಗೆ ಕೆಲಸ ಮಾಡುವವಳೋ 'ನಡಿ, ನಾನೂ ಬರ್ತೀನಿ' ಎನ್ನಬೇಕು. ಹಾಗೆ ಬರುವವಳು ಒಂದು ದಿನದ ಕೂಲಿ ಕಳೆದುಕೊಳ್ಳುತ್ತಾಳೆ, ಹೊಡೆತ ತಿಂದವಳ ಗಂಡನ ಸಿಟ್ಟಿಗೂ ಗುರಿಯಾಗುತ್ತಾಳೆ. ಜೊತೆಗೆ ಬಂದವಳಿಗೆ ಸರ್ಕಾರದ ಯಾವ ಕಡತದಲ್ಲೂ ಹೆಸರಿಲ್ಲ.

ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಬಂದ ಹೆಂಗಸರ ಪಾಡು ಇನ್ನೂ ಕಷ್ಟದ್ದು. ಗಾರೆ ಕೆಲಸಕ್ಕೆ ಲೇಬರ್ ಅಡ್ಡಾಗಳಲ್ಲಿ ನಿಲ್ಲುವವರು, ಅಪಾರ್ಟ್‌ಮೆಂಟುಗಳಲ್ಲಿ ಪಾತ್ರೆ ತೊಳೆಯುವವರು ಇವರು. ಮೇಸ್ತ್ರಿಯೇ ಕೈ ಹಿಡಿದೆಳೆದರೆ ಹೇಳಿಕೊಳ್ಳಲು ತವರು ಹತ್ತಿರವಿಲ್ಲ. ಠಾಣೆಯಲ್ಲಿ ತೆಲುಗು ಬೇಕು, ಇಲ್ಲವೇ ಉರ್ದು. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಕಡೆ ಲೈಂಗಿಕ ಕಿರುಕುಳವಾದರೆ, ಮನೆಗೆಲಸದವರಿಗೆ ಕಿರುಕುಳವಾದರೆ, 2013ರ ಕಾಯ್ದೆಯಂತೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಈ ಸಮಿತಿಗಳ ವಿಷಯದಲ್ಲಿ ರಾಜ್ಯಗಳಿಗೆ ಗಡುವು ವಿಧಿಸಬೇಕಾಯಿತು. ಅಡ್ಡಾದಲ್ಲಿ ಬೆಳಿಗ್ಗೆ ಕೂಲಿಗೆ ಕಾಯುವವಳಿಗೆ ಆ ಸಮಿತಿ ಎಲ್ಲಿದೆಯೆಂದು ಯಾರು ಹೇಳಬೇಕು?

ಆದ್ದರಿಂದ, ಮಾನ್ಯರೆ, ಜೊತೆಗೆ ಬರುವವಳಿಗೆ ಆಯೋಗ ಒಂದು ಸ್ಥಾನ ಕೊಡಲಿ. ಸ್ವಸಹಾಯ ಗುಂಪು, ಮನೆಗೆಲಸದವರ ಸಂಘ, ಹಳೇ ನಗರದ ಮಹಿಳಾ ಸಂಸ್ಥೆಗಳಿಂದ ಆಯ್ದ ಹೆಂಗಸರಿಗೆ ತರಬೇತಿ, ಗುರುತಿನ ಚೀಟಿ, ಮುಖ್ಯವಾಗಿ ಆ ದಿನದ ಕೂಲಿ ಸಿಗಲಿ. ದೂರುದಾರಳ ಪಕ್ಕದಲ್ಲಿ ಕೂರುವ ಅಧಿಕಾರವೂ ಇರಲಿ. ಅವರಲ್ಲಿ ಕನ್ನಡ ಬಲ್ಲವರು, ಮರಾಠಿ, ಒಡಿಯಾ ಬಲ್ಲವರು ಇರಲಿ. ಸ್ಥಳೀಯ ಸಮಿತಿಯ ವಿಳಾಸ, ಫೋನ್ ನಂಬರು ಆಯಾ ಭಾಷೆಯಲ್ಲಿ ಅಡ್ಡಾಗಳ ಗೋಡೆಗೆ ಬರಲಿ. ಆಯೋಗದ ಮುಂದಿನ ಅಹವಾಲು ಸಭೆಯೊಂದು ಗುಳೆ ಬಂದವರಿರುವ ಮಿಯಾಪುರದಂಥ ಕಡೆ, ಕೂಲಿಗೆ ರಜೆ ಇರುವ ದಿನ ನಡೆಯಲಿ. ದಿನ ಗೊತ್ತುಮಾಡಿ ತಿಳಿಸಿದರೆ, ಗುಳೆ ಬಂದ ಹೆಣ್ಣುಮಕ್ಕಳಿಗೆ ಸುದ್ದಿ ಮುಟ್ಟಿಸುವ, ಅವರ ಮಾತನ್ನು ತೆಲುಗಿಗೆ ತಂದುಕೊಡುವ ಹೊಣೆಯನ್ನು ಇಲ್ಲಿನ ಕನ್ನಡದ ಹೆಂಗಸರು ಹೊರುತ್ತಾರೆ.

ಇಂತಿ,
ಹೈದರಾಬಾದಿನ ಕನ್ನಡತಿ