ದೊಡ್ಡಾಸ್ಪತ್ರೆಯ ದಾರಿಯಲ್ಲಿ ಧರ್ಮಕೇಂದ್ರದ ಹೊಣೆ

ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. ಜಗದ್ಗುರು ಪೋಪ್ ಎರಡನೆಯ ಜಾನ್ ಪೌಲರು 1992ರಲ್ಲಿ ಈ ದಿನವನ್ನೇ ವಿಶ್ವ ರೋಗಿಗಳ ದಿನವೆಂದು ಗೊತ್ತುಪಡಿಸಿದರು. 1993ರಿಂದ ಅದು ಧರ್ಮಸಭೆಯಲ್ಲಿ ಆಚರಣೆಗೆ ಬಂದಿದೆ. ಆ ದಿನ ನಮ್ಮ ದೇವಾಲಯಗಳಲ್ಲಿ ರೋಗಿಗಳಿಗಾಗಿ ವಿಶೇಷ ಬಲಿಪೂಜೆ ನಡೆಯುತ್ತದೆ. ವೃದ್ಧರಿಗೆ ಅಭ್ಯಂಗ ನೀಡಲಾಗುತ್ತದೆ. ಯುವಜನರು ಆಸ್ಪತ್ರೆಗೆ ಹೋಗಿ ಹಣ್ಣು ಹಂಚಿ ಬರುತ್ತಾರೆ. ಇವೆಲ್ಲವೂ ಮೆಚ್ಚತಕ್ಕ ಕಾರ್ಯಗಳೇ. ಆದರೆ ವರ್ಷದ ಉಳಿದ ದಿನಗಳಲ್ಲಿ, ನಡುರಾತ್ರಿಯ ಹೊತ್ತಿನಲ್ಲಿ, ನಮ್ಮ ಕುಟುಂಬವೊಂದರ ಯಜಮಾನನಿಗೆ ಎದೆನೋವು ಕಾಣಿಸಿಕೊಂಡರೆ ಅಥವಾ ಮನೆಯ ತಾಯಿಯ ಬಾಯಿ ಸೊಟ್ಟಗಾಗಿ ಕೈ ಜೋತುಬಿದ್ದರೆ, ಆ ಮನೆಯ ಪಾಲಿಗೆ ಧರ್ಮಕೇಂದ್ರವೆಂಬುದು ಎಲ್ಲಿರುತ್ತದೆ? ಈ ಪ್ರಶ್ನೆಯನ್ನು ವಾಚಕರ ಮುಂದಿಡುವುದು ಈ ವಾರದ ನಮ್ಮ ಉದ್ದೇಶ.

ಬೆಂಗಳೂರಿನ ಉತ್ತರದ ಅಂಚಿನಲ್ಲಿ, ತುಮಕೂರು ಹೆದ್ದಾರಿಯ ಮೇಲೆ, ದಾಸನಪುರ ಹೋಬಳಿಗೆ ಸೇರಿದ ಮಾಕಳಿ ಎಂಬ ಊರಿದೆ. ಒಂದು ಕಾಲಕ್ಕೆ ಹೊಲಗದ್ದೆಗಳ ಹಳ್ಳಿಯಾಗಿದ್ದ ಈ ಊರಿನ ಸುತ್ತ ಇಂದು ಕಾರ್ಖಾನೆಗಳು, ಉಗ್ರಾಣಗಳು, ಹೊಸ ಬಡಾವಣೆಗಳು ಎದ್ದಿವೆ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು, ನಗರದ ಬಾಡಿಗೆ ಕಟ್ಟಲಾರದೆ ಹೊರಬಂದವರು, ನಾನಾ ಜಿಲ್ಲೆಗಳಿಂದ ಕೆಲಸಕ್ಕೆ ಬಂದವರು ಈ ರಸ್ತೆಯುದ್ದಕ್ಕೂ ನೆಲೆಸಿದ್ದಾರೆ. ಇವರಲ್ಲಿ ನಮ್ಮ ಕಥೋಲಿಕ ಕುಟುಂಬಗಳೂ ಇವೆ. ಹೃದಯ, ಮೆದುಳು, ಕ್ಯಾನ್ಸರ್ ಮುಂತಾದ ಗಂಭೀರ ವ್ಯಾಧಿಗಳಿಗೆ ಇವರು ನಂಬಿರುವ ದೊಡ್ಡ ಆಸ್ಪತ್ರೆಗಳೆಲ್ಲ ನಗರದ ಆ ತುದಿಯಲ್ಲಿವೆ. ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆ, 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್, ಅದರ ನೆರೆಯ ಕಿದ್ವಾಯಿ ಸಂಸ್ಥೆ, ಕೋರಮಂಗಲದಲ್ಲಿರುವ ನಮ್ಮದೇ ಸಂತ ಜಾನರ ವೈದ್ಯಕೀಯ ಕಾಲೇಜು ಆಸ್ಪತ್ರೆ, ಇವು ಮಾಕಳಿಯಿಂದ ಹೆಚ್ಚುಕಡಿಮೆ 30 ಕಿಲೋಮೀಟರ್ ದೂರದಲ್ಲಿವೆ. ಮತ್ತಿಕೆರೆಯ ರಾಮಯ್ಯ, ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಗಳು ಇದಕ್ಕಿಂತ ಹತ್ತಿರವಾದರೂ, ಅವುಗಳನ್ನು ಮುಟ್ಟಲು ಜಾಲಹಳ್ಳಿ ಕ್ರಾಸ್ ಮತ್ತು ಗೊರಗುಂಟೆಪಾಳ್ಯದ ವಾಹನಸಂದಣಿಯನ್ನು ದಾಟಲೇಬೇಕು.

ಕಟ್ಟಡವೊಂದೇ ಪರಿಹಾರವೇ?

ಆದ್ದರಿಂದಲೇ ‘ಈ ಭಾಗದಲ್ಲಿ ನಮ್ಮ ಮಹಾಧರ್ಮಪ್ರಾಂತ್ಯವೇ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ಕಟ್ಟಬೇಕು’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಆಸೆ ಸಹಜವಾದುದು. ನಮ್ಮ ಪೂರ್ವಿಕರ ಸೇವೆಯ ಚರಿತ್ರೆ ಅಂತಹುದು. ಬೆಂಗಳೂರಿನ ಸಂತ ಮಾರ್ತಾ ಆಸ್ಪತ್ರೆಯನ್ನು ಗುಡ್ ಶೆಪರ್ಡ್ ಧರ್ಮಭಗಿನಿಯರು ಆರಂಭಿಸಿದ್ದು 1886ರಲ್ಲಿ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 1963ರಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿತು. ಮಂಗಳೂರಿನ ಕಂಕನಾಡಿಯಲ್ಲಿ ಜೆಸ್ವಿತ್ ಗುರು ಫಾದರ್ ಮುಲ್ಲರ್ 1880ರಲ್ಲಿ ಸೇವೆ ಆರಂಭಿಸಿದಾಗ ಅವರ ಬಳಿ ಕಟ್ಟಡವಿರಲಿಲ್ಲ. ಆಲದ ಮರದ ನೆರಳಿತ್ತು, ಔಷಧಿಯಿತ್ತು, ರೋಗಿಯ ಬಗ್ಗೆ ಕಳಕಳಿಯಿತ್ತು. ಕಟ್ಟಡಗಳು ಆ ಕಳಕಳಿಯ ಹಿಂದೆ ಬಂದವು.

ಇಂದು ಹೃದಯ ಮತ್ತು ನರರೋಗಗಳ ಪೂರ್ಣ ಚಿಕಿತ್ಸೆಗೆ ಬೇಕಾದ ಯಂತ್ರೋಪಕರಣಗಳಿಗೆ ಕೋಟಿಗಟ್ಟಲೆ ಹಣ ಬೇಕು. ಹಗಲೂ ರಾತ್ರಿ ತಜ್ಞರು, ತಂತ್ರಜ್ಞರು, ದಾದಿಯರು ಸಿದ್ಧರಿರಬೇಕು. ಅಷ್ಟು ಹಣ ಹೂಡಿದ ಮೇಲೆ ಬಡವನಿಗೆ ಬಾಗಿಲು ತೆರೆದಿಡುವುದು ಎಷ್ಟು ಕಷ್ಟವೆಂಬುದನ್ನು ಆಸ್ಪತ್ರೆ ನಡೆಸುವವರೇ ಬಲ್ಲರು. ಕಟ್ಟಡ ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಕಟ್ಟಡ ಏಳುವ ತನಕ ಕೈಕಟ್ಟಿ ಕೂರುವುದಕ್ಕೆ ಕಾರಣವಿಲ್ಲ, ಎದ್ದ ಮೇಲೂ ಅದೊಂದರಿಂದಲೇ ಜೀವ ಉಳಿಯುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ದೊಡ್ಡಾಸ್ಪತ್ರೆ ಉಳಿಸುವುದು ಹೊತ್ತಿಗೆ ಸರಿಯಾಗಿ ಬಂದವನನ್ನು. ಅಲ್ಲಿಂದ ಮರಳಿದವನು ಬದುಕಿ ಬಾಳುವುದು ಮನೆಯಲ್ಲಿ ಆರೈಕೆಯಿದ್ದರೆ. ಹೋಗುವ ದಾರಿ ಮತ್ತು ಮರಳಿದ ನಂತರದ ದಿನಗಳು, ಇವೆರಡೂ ಆಸ್ಪತ್ರೆಯ ಕೈಯಲ್ಲಿಲ್ಲ. ಇವು ಧರ್ಮಕೇಂದ್ರದ ಕೈಯಲ್ಲಿರಬಹುದು, ಇರಬೇಕು.

ಸಂತ ಲೂಕರ ಶುಭಸಂದೇಶದಲ್ಲಿ ಬರುವ ಸಮಾರಿಯದ ದಯಾಳುವಿನ ಸಾಮತಿಯನ್ನು ನೆನೆಯಿರಿ. ಅಲ್ಲಿ ಪ್ರಭು ಹೊಗಳಿದ್ದು ಛತ್ರ ಕಟ್ಟಿಸಿದವನನ್ನಲ್ಲ. ಛತ್ರ ಮೊದಲೇ ಇತ್ತು. ಗಾಯಾಳುವಿಗೆ ದಾರಿಯಲ್ಲೇ ಎಣ್ಣೆ ಸುರಿದು ಪಟ್ಟಿ ಕಟ್ಟಿದವನು, ಸ್ವಂತ ವಾಹನದ ಮೇಲೆ ಅವನನ್ನು ಕೂರಿಸಿಕೊಂಡು ಹೋದವನು, ಖರ್ಚಿಗೆ ಹಣವಿತ್ತು ಮತ್ತೆ ಬರುವೆನೆಂದು ಮಾತುಕೊಟ್ಟವನು ಅಲ್ಲಿ ನೆರೆಯವನೆನಿಸಿದ. ನಮ್ಮ ಕರ್ತವ್ಯದ ಪಟ್ಟಿ ಆ ಸಾಮತಿಯಲ್ಲಿಯೇ ಇದೆ.

ಹೊತ್ತು ಮೀರಬಾರದು

ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುವುದು. ಮುಚ್ಚಿದ ಕ್ಷಣದಿಂದ ಸ್ನಾಯು ಸಾಯತೊಡಗುತ್ತದೆ. ಮೊದಲ ಒಂದೆರಡು ಗಂಟೆಗಳಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದು ಅಥವಾ ಆಂಜಿಯೋಪ್ಲಾಸ್ಟಿ ದೊರೆತರೆ ಹೆಚ್ಚಿನ ಲಾಭ. ತಡವಾದಂತೆಲ್ಲ ಲಾಭ ಕುಗ್ಗುತ್ತದೆ. ನಮ್ಮ ಮನೆಗಳಲ್ಲಿ ಆಗುವುದೇನು? ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಜೀರಿಗೆ ಕಷಾಯ, ಸೋಡಾ ಕುಡಿಸಿ ಬೆಳಗಾಗಲಿ ಎಂದು ಕಾಯುತ್ತಾರೆ. ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಹೆಂಗಸರಲ್ಲಿ ತೀವ್ರ ಎದೆನೋವಿಲ್ಲದೆ ಬರಿಯ ಬೆವರು, ಉಸಿರುಕಟ್ಟು, ಸುಸ್ತು ಮಾತ್ರ ಕಾಣಿಸಿಕೊಳ್ಳಬಹುದೆಂಬುದು ಬಹುಮಂದಿಗೆ ತಿಳಿಯದು. ಇಂತಹ ಸಂದರ್ಭದಲ್ಲಿ ಮೊದಲು ಬೇಕಾದುದು ಇಸಿಜಿ. ಅದು ಹತ್ತಿರದಲ್ಲಿ ಎಲ್ಲಿ ರಾತ್ರಿಯೂ ದೊರೆಯುವುದೋ ಅಲ್ಲಿಗೆ ಹೋಗಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಜಯದೇವದಂತಹ ಕೇಂದ್ರಗಳ ತಜ್ಞರು ದೂರದಿಂದಲೇ ನೋಡಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಿಸುವ ಯೋಜನೆಯನ್ನು ರಾಜ್ಯ ಸರಕಾರ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ತಂದಿದೆ. 2021ರ ಅಕ್ಟೋಬರ್ 29ರಂದು 46ರ ಹರೆಯದಲ್ಲೇ ಹೃದಯಾಘಾತದಿಂದ ತೀರಿಕೊಂಡ ಆ ಕಲಾವಿದನ ಸಾವು ನಾಡಿಗೆ ಕಲಿಸಿದ ಪಾಠವಿದು. ನಮ್ಮ ನೆರೆಯ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ ಎಂಬುದನ್ನು ಇಂದೇ ವಿಚಾರಿಸಿಡಬೇಕು.

ಪಾರ್ಶ್ವವಾಯುವಿನ ಮಾತು ಬೇರೆ. ಲಕ್ವ ಹೊಡೆದವರನ್ನು ಸೊಪ್ಪಿನ ರಸ ಕುಡಿಸಲು, ಎಣ್ಣೆ ತಿಕ್ಕಿಸಲು ನಾಟಿ ವೈದ್ಯರಲ್ಲಿಗೆ ಒಯ್ಯುವ ರೂಢಿ ನಮ್ಮ ನಾಡಿನಲ್ಲಿ ಈಗಲೂ ಉಂಟು. ಮೆದುಳಿನ ರಕ್ತನಾಳದ ಹೆಪ್ಪನ್ನು ಮೂರು ಗಂಟೆಗಳೊಳಗೆ ಕರಗಿಸಿದರೆ ಅಂಗವೈಕಲ್ಯ ತಪ್ಪಿಸಬಹುದೆಂದು 1995ರಲ್ಲಿ ಅಮೆರಿಕದ ಸಂಶೋಧನೆಯೊಂದು ತೋರಿಸಿತು. 2008ರಲ್ಲಿ ಯೂರೋಪಿನ ಸಂಶೋಧನೆ ಈ ಗಡುವನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಚಿಕಿತ್ಸೆಯಿಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂಬ ಅಂದಾಜಿದೆ. ಆದರೆ ಚುಚ್ಚುಮದ್ದು ಕೊಡುವ ಮುನ್ನ ಮೆದುಳಿನಲ್ಲಿ ಆಗಿರುವುದು ಹೆಪ್ಪೋ ರಕ್ತಸ್ರಾವವೋ ಎಂಬುದು ಸಿಟಿ ಸ್ಕ್ಯಾನಿನಿಂದ ಖಚಿತವಾಗಬೇಕು. ಆದುದರಿಂದ ಮುಖ ಸೊಟ್ಟಗಾದರೆ, ಒಂದು ಕೈ ಮೇಲೇಳದಿದ್ದರೆ, ಮಾತು ತೊದಲಿದರೆ ಸ್ಕ್ಯಾನ್ ಇಲ್ಲದ ಸಣ್ಣ ನರ್ಸಿಂಗ್ ಹೋಮಿನಲ್ಲಿ ಗ್ಲೂಕೋಸ್ ಹಾಕಿಸಿ ಕಾಯುವುದು ಹೊತ್ತುಗೆಡುಕು. ದಿನದ 24 ಗಂಟೆಯೂ ಸ್ಕ್ಯಾನ್ ಮತ್ತು ಚಿಕಿತ್ಸೆ ಇರುವಲ್ಲಿಗೆ ನೇರವಾಗಿ ಹೋಗಬೇಕು. ರೋಗಿಯ ಬಾಯಿಗೆ ನೀರನ್ನಾಗಲಿ ಮಾತ್ರೆಯನ್ನಾಗಲಿ ಹಾಕಬಾರದು. ಅವರು ಕೊನೆಯದಾಗಿ ಎಷ್ಟು ಗಂಟೆಯವರೆಗೆ ಸರಿಯಾಗಿದ್ದರೆಂಬುದನ್ನು ನೆನಪಿಟ್ಟು ವೈದ್ಯರಿಗೆ ಹೇಳಬೇಕು.

ಇವು ಪ್ರಾಣ ಉಳಿಸುವ ತಿಳಿವಳಿಕೆಗಳು. ವರ್ಷಕ್ಕೆರಡು ಬಾರಿ, ಭಾನುವಾರದ ಬಲಿಪೂಜೆಯ ಬಳಿಕ ಅರ್ಧ ಗಂಟೆಯ ಮಟ್ಟಿಗೆ ನಮ್ಮವರೇ ಆದ ವೈದ್ಯರು, ದಾದಿಯರು ಇವನ್ನು ವಿವರಿಸಬಾರದೇಕೆ? ಕಥೋಲಿಕ ದಾದಿಯರಿಲ್ಲದ ದೊಡ್ಡ ಆಸ್ಪತ್ರೆ ಬೆಂಗಳೂರಿನಲ್ಲಿ ಅಪರೂಪ. ಅವರ ಅನುಭವ ಅವರದೇ ಧರ್ಮಕೇಂದ್ರಕ್ಕೆ ದೊರೆಯದಿರುವುದು ನಷ್ಟವಲ್ಲವೇ?

ಮಾಡಬಹುದಾದ ಕೆಲಸಗಳು

ಮೊದಲನೆಯದಾಗಿ, ಪ್ರತಿ ಮನೆಯಲ್ಲೂ ಒಂದು ಹಾಳೆಯಿರಲಿ. ಮನೆಯ ಹಿರಿಯರ ಕಾಯಿಲೆ, ಸೇವಿಸುವ ಔಷಧಿ, ಹೋಗಬೇಕಾದ ಆಸ್ಪತ್ರೆ, ಆಯುಷ್ಮಾನ್ ಕಾರ್ಡಿನ ಸಂಖ್ಯೆ ಅದರಲ್ಲಿ ಬರೆದಿರಲಿ. ಎರಡನೆಯದಾಗಿ, ಪ್ರತಿ ಕಿರು ಕ್ರೈಸ್ತ ಸಮುದಾಯದಲ್ಲಿ ವಾಹನವುಳ್ಳ ಇಬ್ಬರು, ರಾತ್ರಿ ಕರೆದರೂ ಬರುವವರು, ಗೊತ್ತಾಗಿರಲಿ. 2008ರ ನವೆಂಬರ್ 1ರಿಂದ ರಾಜ್ಯದಲ್ಲಿ 108ರ ಉಚಿತ ಆಂಬುಲೆನ್ಸ್ ಸೇವೆಯಿದೆ. ಅದನ್ನು ಮೊದಲು ಕರೆಯಬೇಕು. ಅದು ತಡವಾದಾಗ ಈ ಇಬ್ಬರು ಆಧಾರವಾಗುತ್ತಾರೆ. ಜೊತೆಗೆ ಹೋಗುವ ಒಬ್ಬ ತಿಳಿವಳಿಕಸ್ಥನಿದ್ದರೆ ಗಾಬರಿಗೊಂಡ ಮನೆಯವರಿಗೆ ಅರ್ಧ ಧೈರ್ಯ ಬಂದಂತೆಯೇ.

ಮೂರನೆಯದು ಹಣದ ಮಾತು. 2018ರ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ ದೊರೆಯುತ್ತದೆ. ತುರ್ತಲ್ಲದ ದೊಡ್ಡ ಚಿಕಿತ್ಸೆಯನ್ನು ಖಾಸಗಿ ಆಸ್ಪತ್ರೆಯಲ್ಲಿ ಪಡೆಯಲು ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಈ ನಿಯಮ ತಿಳಿಯದೆ ಒಡವೆ ಅಡವಿಟ್ಟ ಕುಟುಂಬಗಳುಂಟು. ಕಾಗದಪತ್ರ ಬಲ್ಲ ಒಬ್ಬ ನಿವೃತ್ತ ನೌಕರರು ಧರ್ಮಕೇಂದ್ರದ ಕಚೇರಿಯಲ್ಲಿ ವಾರಕ್ಕೊಂದು ಸಂಜೆ ಕೂತರೆ ಎಷ್ಟೋ ಮನೆಗಳು ಸಾಲದಿಂದ ಪಾರಾಗುತ್ತವೆ. ಮೊದಲ ರಾತ್ರಿಯ ಔಷಧಿಗೆ, ಮುಂಗಡಕ್ಕೆ ತಕ್ಷಣ ಕೊಡಬಲ್ಲ ಸಣ್ಣ ನಿಧಿಯೊಂದು ಇರಲಿ. ವಿನ್ಸೆಂಟ್ ಡಿ ಪಾಲ್ ಸಭೆಯವರು ಇರುವಲ್ಲಿ ಅವರೇ ಇದನ್ನು ನೋಡಿಕೊಳ್ಳಬಹುದು. ಹಬ್ಬದ ದೀಪಾಲಂಕಾರಕ್ಕೂ ಪಟಾಕಿಗೂ ಆಗುವ ವೆಚ್ಚದ ನಾಲ್ಕನೆಯ ಒಂದು ಭಾಗವನ್ನು ತೆಗೆದಿಟ್ಟರೂ ನಿಧಿ ಆರಂಭವಾಗುತ್ತದೆ. ಪಾಲಕ ಸಂತರು ಇದರಿಂದ ಮುನಿಯಲಾರರು!

ನಾಲ್ಕನೆಯದು ಆರೈಕೆ. ಬೈಪಾಸ್ ಆದವರು, ಲಕ್ವದಿಂದ ಚೇತರಿಸಿಕೊಳ್ಳುತ್ತಿರುವವರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕು. ಜೊತೆಗೆ ಹೋಗಲು ಮಗ ರಜೆ ಹಾಕಿದರೆ ಕೂಲಿ ಹೋಗುತ್ತದೆ. 2024ರ ನವೆಂಬರಿನಿಂದ ಮೆಟ್ರೋ ಹಸಿರು ಮಾರ್ಗ ಮಾದಾವರದವರೆಗೆ ಬಂದಿದೆ. 2025ರ ಆಗಸ್ಟಿನಿಂದ ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ ಜಯದೇವ ಆಸ್ಪತ್ರೆಯ ನಿಲ್ದಾಣದಲ್ಲೇ ಇಳಿಯಬಹುದಾಗಿದೆ. ಮಾಕಳಿಯವರಿಗೆ ದಾರಿ ಸುಗಮವಾಯಿತು. ಕೈಹಿಡಿದು ಕರೆದೊಯ್ಯುವವರೊಬ್ಬರು ಬೇಕು. ನಿವೃತ್ತರಿಗೂ ಕಾಲೇಜು ಮುಗಿಸಿದ ಯುವಜನರಿಗೂ ಇದು ತಕ್ಕ ಪ್ರೇಷಿತಕಾರ್ಯ.

ಅಭ್ಯಂಗ ಮರಣದ ಸುದ್ದಿಯಲ್ಲ

ಇಲ್ಲಿ ಒಂದು ತಪ್ಪು ತಿಳಿವಳಿಕೆಯ ಬಗ್ಗೆ ಹೇಳಲೇಬೇಕು. ಗುರುಗಳನ್ನು ಕರೆಸಿದರೆ ರೋಗಿ ಹೆದರುತ್ತಾನೆ, ‘ಕೊನೆಗಾಲ ಬಂತು’ ಎಂದುಕೊಳ್ಳುತ್ತಾನೆ ಎಂದು ಪ್ರಜ್ಞೆ ತಪ್ಪುವವರೆಗೆ ಕಾಯುವವರಿದ್ದಾರೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿಯೇ ಈ ಸಂಸ್ಕಾರವನ್ನು ‘ಅಂತ್ಯ ಅಭ್ಯಂಗ’ ಎನ್ನುವುದಕ್ಕಿಂತ ‘ರೋಗಿಗಳ ಅಭ್ಯಂಗ’ ಎನ್ನುವುದೇ ಸೂಕ್ತವೆಂದು ತಿಳಿಸಿತು. ಇದು ಸಾಯುವ ಗಳಿಗೆಯಲ್ಲಿರುವವರಿಗೆ ಮಾತ್ರ ಮೀಸಲಲ್ಲವೆಂದು ಸ್ಪಷ್ಟಪಡಿಸಿತು. 1972ರಲ್ಲಿ ಪೋಪ್ ಆರನೆಯ ಪೌಲರು ಅದರ ವಿಧಿಯನ್ನು ಪರಿಷ್ಕರಿಸಿದರು. ದೊಡ್ಡ ಶಸ್ತ್ರಚಿಕಿತ್ಸೆಗೆ ಹೊರಡುವ ಮುನ್ನ, ಎಚ್ಚರವಿದ್ದು ಪ್ರಾರ್ಥಿಸಲು ಸಾಧ್ಯವಿರುವಾಗಲೇ, ಪಾಪನಿವೇದನೆ ಮಾಡಿ ಅಭ್ಯಂಗವನ್ನೂ ಪರಮಪ್ರಸಾದವನ್ನೂ ಪಡೆಯುವುದು ರೋಗಿಗೆ ಬಲವೀಯುತ್ತದೆ. ಹಾಗೆಂದು ಎದೆನೋವಿನ ಗಳಿಗೆಯಲ್ಲಿ ಗುರುಗಳು ಬರಲೆಂದು ಆಂಬುಲೆನ್ಸ್ ನಿಲ್ಲಿಸುವುದೂ ಸಲ್ಲದು. ಗುರುಗಳು ಆಸ್ಪತ್ರೆಗೇ ಬರಬಲ್ಲರು.

ಗುಣವಾಗದ ರೋಗಿಗಳ ವಿಷಯ ಇನ್ನೂ ಸೂಕ್ಷ್ಮವಾದುದು. ಜೀವ ತೆಗೆಯುವುದನ್ನು ಧರ್ಮಸಭೆ ಎಂದಿಗೂ ಒಪ್ಪದು. ಆದರೆ ಫಲವಿಲ್ಲದ, ಹೊರೆಯಾದ ಚಿಕಿತ್ಸೆಯನ್ನು ಕೈಬಿಡುವುದು ಕೊಲ್ಲುವುದಲ್ಲವೆಂದೂ, ನೋವು ಶಮನಗೊಳಿಸುವ ಆರೈಕೆ ಪರಪ್ರೀತಿಯ ಶ್ರೇಷ್ಠ ರೂಪವೆಂದೂ ಅದರ ಧರ್ಮೋಪದೇಶ ಕಲಿಸುತ್ತದೆ. ಇದನ್ನರಿಯದೆ, ಐಸಿಯುವಿನಿಂದ ಹೊರತರುವುದೇ ಪಾಪವೆಂದು ಬಗೆದು ಮನೆ ಮಾರುವವರುಂಟು. ಬೆಂಗಳೂರಿನ ಕರುಣಾಶ್ರಯವು 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ಸಲಹುತ್ತಿದೆ. ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನಲ್ಲಿ ಆರಂಭವಾದ ಉಪಶಮನ ಆರೈಕೆಯ ಕಾರ್ಯ, ಕ್ರಮೇಣ ನೆರೆಹೊರೆಯ ಸಾಮಾನ್ಯರೇ ತರಬೇತಿ ಪಡೆದು ಮನೆಮನೆಗೆ ಹೋಗುವ ದೊಡ್ಡ ಚಳವಳಿಯಾಗಿ ಬೆಳೆಯಿತು. ಹಾಸಿಗೆಹುಣ್ಣಾಗದಂತೆ ರೋಗಿಯನ್ನು ಮಗ್ಗುಲು ಬದಲಿಸುವುದು, ಗಾಯ ತೊಳೆಯುವುದು, ಎರಡು ಗಂಟೆ ಪಕ್ಕದಲ್ಲಿ ಕೂತು ಮನೆಯಾಕೆಗೆ ವಿಶ್ರಾಂತಿ ಕೊಡುವುದು, ಇವಕ್ಕೆ ಕೋಟಿ ರೂಪಾಯಿ ಬೇಡ.

‘ಇದೆಲ್ಲ ಮನೆಯವರ ಕೆಲಸ, ಹೊರಗಿನವರು ತಲೆಹಾಕುವುದು ಸರಿಯಲ್ಲ’ ಎನ್ನುವವರಿದ್ದಾರೆ. ರೋಗಿಯ ಗುಟ್ಟು ಕಾಪಾಡಬೇಕೆಂಬುದು ನಿಜ. ಮನೆಯವರು ಒಪ್ಪದೆ ಹೊಸ್ತಿಲು ದಾಟಬಾರದೆಂಬುದೂ ನಿಜ. ಆದರೆ ಸಾವಿನ ಮನೆಗೆ ಧರ್ಮಕೇಂದ್ರವೆಲ್ಲ ಹರಿದುಬರುವಾಗ ಈ ಸಂಕೋಚ ಯಾರನ್ನೂ ತಡೆಯುವುದಿಲ್ಲ. ಶವಪೆಟ್ಟಿಗೆಗೆ ಹೆಗಲು ಕೊಡಲು ನೂರು ಮಂದಿ ಸಿಗುವ ಸಮುದಾಯದಲ್ಲಿ, ರೋಗಿಯನ್ನು ಮಹಡಿಯಿಂದ ಇಳಿಸಿ ಗಾಡಿಗೆ ಹತ್ತಿಸಲು ನಾಲ್ಕು ಮಂದಿ ಸಿಗಬೇಡವೇ?

ತುಮಕೂರು ರಸ್ತೆಯಲ್ಲಿ ನಮ್ಮ ಆಸ್ಪತ್ರೆ ಏಳುವ ದಿನ ಬರಲಿ ಎಂದು ಪ್ರಾರ್ಥಿಸೋಣ. ಅದಕ್ಕೆ ಮುನ್ನ ಮಾಕಳಿಯಂತಹ ಊರುಗಳಲ್ಲಿ ಮನೆಮನೆಗೆ ಒಂದು ಹಾಳೆ, ಓಣಿಗೆ ಇಬ್ಬರು ನಂಬಿಕಸ್ಥರು, ಕಚೇರಿಯಲ್ಲೊಂದು ಸಣ್ಣ ನಿಧಿ ಇವಿಷ್ಟನ್ನು ಸಿದ್ಧಪಡಿಸೋಣ. ಪಾಲನಾ ಸಮಿತಿಗಳು ಮುಂದಿನ ಸಭೆಯಲ್ಲಿಯೇ ಇದನ್ನು ಚರ್ಚೆಗೆತ್ತಿಕೊಳ್ಳಲಿ. ರೋಗಿಗಳ ಆರೋಗ್ಯಮಾತೆಯಾದ ಮರಿಯಮ್ಮನವರು ನಮ್ಮ ಮನೆಗಳ ನರಳುವವರನ್ನೂ, ಅವರ ಹಾಸಿಗೆಯ ಪಕ್ಕ ಎಚ್ಚರವಿರುವವರನ್ನೂ ಕಾಪಾಡಲಿ.