ಮನೆ ನೋಡುವ ಮುನ್ನ ಶಾಲೆ ನೋಡಿ!

ಬೆಂಗಳೂರಿನ ಯಾವುದಾದರೂ ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ಒಂದು ಆಟೋ, ಒಂದು ಟೆಂಪೋ, ಒಂದು ಟ್ಯಾಕ್ಸಿಯ ಹಿಂದಾದರೂ ‘ಶ್ರೀ ಕಬ್ಬಾಳಮ್ಮ ಕೃಪೆ’ ಎಂದು ಕನ್ನಡದಲ್ಲಿ ಬರೆದಿರುತ್ತದೆ. ನಮ್ಮ ಕಬ್ಬಾಳಿನ ತಾಯಿ ಗಾಡಿ ಹತ್ತಿ ರಾಜಧಾನಿಯನ್ನೆಲ್ಲ ಸುತ್ತುತ್ತಾಳೆ. ಸಂತೋಷ. ಆದರೆ ಆ ಗಾಡಿ ಓಡಿಸುವ ಹುಡುಗ ಎಲ್ಲಿ ಮನೆ ಮಾಡಿದ್ದಾನೆ? ಅವನ ಮಗು ಯಾವ ಶಾಲೆಗೆ ಹೋಗುತ್ತಿದೆ? ಬೋರ್ಡಿಗೆ ಮಸಿ ಬಳಿಯುವುದರಲ್ಲಿ ಮುಂದಿರುವ ನಮ್ಮ ಚಳವಳಿ ಈ ಎರಡು ಪ್ರಶ್ನೆಗಳನ್ನು ಕೇಳಿದ್ದು ಕಡಿಮೆ.

ತಮ್ಮಂದಿರೇ, ತಂಗಿಯರೇ, ನೇರವಾಗಿ ಹೇಳಿಬಿಡುತ್ತೇನೆ. ನೀವು ಎಲ್ಲಿ ಮನೆ ಹಿಡಿಯುತ್ತೀರಿ ಎಂಬುದರ ಮೇಲೆ ನಿಮ್ಮ ಮಗು ಕನ್ನಡದಲ್ಲಿ ಓದುತ್ತದೋ ಇಲ್ಲವೋ ಎಂಬುದು ನಿಂತಿದೆ. 1994ರಲ್ಲಿ ಸರ್ಕಾರ ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಇಲ್ಲವೇ ಕನ್ನಡದಲ್ಲೇ ಕಲಿಸಬೇಕೆಂದು ಆದೇಶ ಹೊರಡಿಸಿತು. ಖಾಸಗಿ ಶಾಲೆಗಳ ಆಡಳಿತದವರು ಕೋರ್ಟಿಗೆ ಹೋದರು. 2008ರಲ್ಲಿ ಹೈಕೋರ್ಟಿನಲ್ಲಿ ಸೋತೆವು. 2014ರ ಮೇ 6ರಂದು ಸುಪ್ರೀಂ ಕೋರ್ಟಿನಲ್ಲೂ ಸೋತೆವು. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ತಂದೆತಾಯಿಗಳದ್ದು ಎಂದಿತು ಸಂವಿಧಾನ ಪೀಠ. ಸರ್ಕಾರದ ಕೈ ಕಟ್ಟಿದ ಆ ತೀರ್ಪು ಅಧಿಕಾರವನ್ನು ನಿಮ್ಮ ಕೈಗೆ ಕೊಟ್ಟಿತು. ನೀವೋ ಅದನ್ನು ಮನೆ ಬ್ರೋಕರ್ ಕೈಗೆ ಕೊಟ್ಟು ಕೂತಿದ್ದೀರಿ!

ಹೇಗೆಂದು ಕೇಳಿ. ಹೊಸದಾಗಿ ಮದುವೆಯಾದ ಹುಡುಗ ಮನೆ ಹುಡುಕಲು ಹೊರಟ ಎನ್ನಿ. ಕನಕಪುರದ ಕಡೆಯವನಾದರೆ ತಲಘಟ್ಟಪುರ, ಕಗ್ಗಲೀಪುರ, ಹಾರೋಹಳ್ಳಿ. ಚನ್ನಪಟ್ಟಣದ ಕಡೆಯವನಾದರೆ ಕೆಂಗೇರಿ, ಕುಂಬಳಗೋಡು, ಬಿಡದಿ. ಮಾಗಡಿಯವನಾದರೆ ತಾವರೆಕೆರೆ. ಕೇಳುವುದು ಮೂರೇ ಮಾತು. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಮೆಟ್ರೋ ಎಷ್ಟು ದೂರ. ನೀರು ಬರುತ್ತದೆಯೇ ಎಂದು ಕೇಳಿದವನು ಬುದ್ಧಿವಂತ. ಸರ್ಕಾರಿ ಶಾಲೆ ಎಲ್ಲಿದೆ ಎಂದು ಕೇಳಿದವನನ್ನು ನಾನು ಕಂಡಿಲ್ಲ. ಮಗುವಿಗೆ ನಾಲ್ಕು ವರ್ಷ ತುಂಬಿದ ಮೇಲೆ ಕಣ್ಣುಬಿಟ್ಟು ನೋಡಿದರೆ ಬಡಾವಣೆಯೊಳಗೆ ಕಾನ್ವೆಂಟುಗಳು ನಾಲ್ಕು, ಸರ್ಕಾರಿ ಶಾಲೆ ಹೆದ್ದಾರಿಯ ಆಚೆ ಹಳೇ ಊರಿನಲ್ಲಿ. ಆರು ವರ್ಷದ ಕೂಸನ್ನು ಆ ರಸ್ತೆ ದಾಟಿಸುವುದುಂಟೇ? ‘ಬೇರೆ ದಾರಿ ಇರಲಿಲ್ಲ ಅಣ್ಣ’ ಎನ್ನುತ್ತಾರೆ. ದಾರಿ ಇತ್ತು. ಅಡ್ವಾನ್ಸ್ ಎಣಿಸಿಕೊಟ್ಟ ದಿನದವರೆಗೂ ಇತ್ತು.

ಬೆಂಗಳೂರಿನ ಸುತ್ತ ಸರ್ಕಾರಿ ಶಾಲೆ ಇರುವುದು ಬಹುಪಾಲು ಹಳೇ ಹಳ್ಳಿಯ ನಡುವೆ, ಗುಡಿಯ ಪಕ್ಕ, ಅರಳಿಕಟ್ಟೆಯ ಬಳಿ. ಹಳ್ಳಿಯ ಸುತ್ತ ಬಡಾವಣೆ ಬೆಳೆಯಿತು, ಶಾಲೆ ಬೆಳೆಯಲಿಲ್ಲ. ಬಡಾವಣೆಗಳಲ್ಲಿ ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ಎಷ್ಟೋ ಸಿ.ಎ. ಸೈಟುಗಳು ಟ್ರಸ್ಟುಗಳ ಹೆಸರಿಗೆ ಹೋಗಿ ಖಾಸಗಿ ಶಾಲೆಗಳಾದವು. ಜನ ಬಂದದ್ದು ಒಂದು ಕಡೆ, ಕನ್ನಡ ಶಾಲೆ ಉಳಿದದ್ದು ಇನ್ನೊಂದು ಕಡೆ.

ನನ್ನದು ಅಚ್ಚುಕೂಟ. ಹಾಗಾಗಿ ಇದರ ಎರಡೂ ಮುಖ ನನ್ನ ಮೇಜಿನ ಮೇಲೇ ಬಂದು ಬೀಳುತ್ತವೆ. ಸೈಟು ಮಾರುವವರ ಪಾಂಪ್ಲೆಟ್ಟಿನಲ್ಲಿ ‘ಬೆಂಗಳೂರಿಗೆ ಕೇವಲ 30 ನಿಮಿಷ’ ಎಂದಿರುತ್ತದೆ. ಯಾವ ದಿನದ, ಯಾವ ಹೊತ್ತಿನ ಮೂವತ್ತು ನಿಮಿಷವೋ ಆ ಕಬ್ಬಾಳಮ್ಮನೇ ಬಲ್ಲಳು. ಅದೇ ಕಾಗದದ ಕೆಳಗೆ ‘ಪ್ರತಿಷ್ಠಿತ ಇಂಟರ್‌ನ್ಯಾಷನಲ್ ಶಾಲೆಗಳು ಸಮೀಪದಲ್ಲಿ’ ಎಂಬ ಸಾಲು. ಸರ್ಕಾರಿ ಶಾಲೆ ಸಮೀಪ ಎಂದು ಬರೆಸಿದ ಒಬ್ಬನೇ ಒಬ್ಬ ಗಿರಾಕಿ ಇಲ್ಲ. ಇನ್ನು ಮೇ ತಿಂಗಳಲ್ಲಿ ಸಣ್ಣಪುಟ್ಟ ಕಾನ್ವೆಂಟುಗಳ ರಸೀದಿ ಪುಸ್ತಕ ಅಚ್ಚಿಗೆ ಬರುತ್ತದೆ. ಪ್ರವೇಶ ಶುಲ್ಕ, ಕಟ್ಟಡ ನಿಧಿ, ಪುಸ್ತಕ, ಸಮವಸ್ತ್ರ, ಶೂ, ವ್ಯಾನು, ವಾರ್ಷಿಕೋತ್ಸವ, ‘ಇತರೆ’. ಈ ‘ಇತರೆ’ಗೆ ಅರ್ಥ ಹೇಳಿದವರಿಲ್ಲ. ಪ್ರತಿ ವರ್ಷ ಒಂದು ಕಾಲಂ ಹೆಚ್ಚಾಗುತ್ತದೆ, ರಸೀದಿಯ ಸೈಜು ಉದ್ದವಾಗುತ್ತದೆ.

ಈಗ ಲೆಕ್ಕಕ್ಕೆ ಬನ್ನಿ. ಬೆಂಗಳೂರಿನ ಅಂಚಿನಲ್ಲಿ ತಿಂಗಳಿಗೆ 12 ಸಾವಿರ ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್ ಎಂದಿಟ್ಟುಕೊಳ್ಳಿ. ರಾಮನಗರದಲ್ಲೋ ಚನ್ನಪಟ್ಟಣದಲ್ಲೋ ಅದರ ಅರ್ಧ ಎಂದಿಟ್ಟುಕೊಳ್ಳಿ. ಅಂಕಿ ನಿಮ್ಮದೇ ಹಾಕಿಕೊಳ್ಳಿ, ನನ್ನ ತಕರಾರಿಲ್ಲ. ಉಳಿಯುವುದು ತಿಂಗಳಿಗೆ ಆರು ಸಾವಿರ. ಆದರೆ ದಿನಕ್ಕೆ ಎರಡು ಗಂಟೆ ಹೆಚ್ಚು ಓಡಾಟವಾದರೆ ತಿಂಗಳಿಗೆ ಐವತ್ತು ಗಂಟೆ ಹೋಯಿತು. ಐವತ್ತು ಗಂಟೆಗೆ ಆರು ಸಾವಿರ ಲಾಭವೋ ನಷ್ಟವೋ ಎಂಬುದು ಸುಲಭದ ಪ್ರಶ್ನೆಯಲ್ಲ. ಊರಿನಲ್ಲೇ ಇರಿ ಎಂದು ಬೋಧಿಸುವ ಕೆಲವು ಹಿರಿಯರು ಈ ಐವತ್ತು ಗಂಟೆಯ ಮಾತೆತ್ತುವುದಿಲ್ಲ. ಮಗು ಎದ್ದಿರುವ ಹೊತ್ತಿಗೆ ಅಪ್ಪ ಮನೆಯಲ್ಲಿ ಇರುವುದೂ ಶಿಕ್ಷಣವೇ.

ಆದ್ದರಿಂದ ದಾರಿ ಯಾವುದೆಂದು ನೋಡಿ ಊರು ಆರಿಸಬೇಕು. ಮೈಸೂರು ರಸ್ತೆಯ ಕಡೆಯವರಿಗೆ ರೈಲಿದೆ. ಕೆಂಗೇರಿ, ಹೆಜ್ಜಾಲ, ಬಿಡದಿ, ರಾಮನಗರ, ಚನ್ನಪಟ್ಟಣ. ಜೋಡಿ ಹಳಿ, ವಿದ್ಯುತ್ ಮಾರ್ಗ. ತಿಂಗಳ ಪಾಸಿನ ದುಡ್ಡಿನಲ್ಲಿ ಮೆಟ್ರೋದಲ್ಲಿ ಒಂದು ವಾರ ಓಡಾಡುವುದೂ ಕಷ್ಟ. ಮೆಟ್ರೋ 2021ರ ಆಗಸ್ಟಿನಲ್ಲಿ ಕೆಂಗೇರಿಗೆ, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟಕ್ಕೆ ಬಂತು. ಆದರೆ 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಹತ್ತು ಪಥದ ಎಕ್ಸ್‌ಪ್ರೆಸ್ ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅದೇ ಆಗಸ್ಟ್ 1ರಿಂದ ಅದರ ಮೇಲೆ ಬೈಕು, ಆಟೋ, ಟ್ರ್ಯಾಕ್ಟರಿಗೆ ನಿಷೇಧ. ನಮ್ಮ ರೈತರ ಜಮೀನಿನ ಮೇಲೆ ಹಾದ ರಸ್ತೆಯಲ್ಲಿ ನಮ್ಮ ಹುಡುಗನ ಬೈಕಿಗೆ ಜಾಗವಿಲ್ಲ, ಅವನು ಸರ್ವಿಸ್ ರಸ್ತೆಯಲ್ಲಿ ಹೋಗಬೇಕು! ‘ಹೆದ್ದಾರಿ ಇದೆಯಲ್ಲ’ ಎಂದು ಸೈಟು ಕೊಳ್ಳುವವರು ಇದನ್ನು ಗಮನಿಸಿ.

ಕನಕಪುರಕ್ಕೂ ಮಾಗಡಿಗೂ ರೈಲೇ ಇಲ್ಲ. ಕನಕಪುರ ರಸ್ತೆಯಲ್ಲಿ ಮೆಟ್ರೋ ರೇಷ್ಮೆ ಸಂಸ್ಥೆಯವರೆಗೆ ಬಂದದ್ದು 2021ರ ಜನವರಿಯಲ್ಲಿ, ಅಲ್ಲಿಂದ ಈಚೆಗೆ ಬಸ್ಸೇ ಗತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. ಗಂಡಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಹೆಂಡತಿ ಬಸ್ಸಿನ ದಾರಿಯಲ್ಲಿ ಕೆಲಸ ಹಿಡಿದರೆ ಓಡಾಟದ ಖರ್ಚು ಅರ್ಧವಾಗುತ್ತದೆ. ಇದನ್ನು ಲೆಕ್ಕ ಹಾಕಿ ಮನೆ ಮಾಡಿದ ಬುದ್ಧಿವಂತ ತಂಗಿಯರು ಇದ್ದಾರೆ, ಗಂಡಂದಿರೇ ಹಿಂದೆ. ಇನ್ನು ಬಿಡದಿ, ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಗಳಲ್ಲಿ ಕೆಲಸ ಸಿಕ್ಕವರು ಬೆಂಗಳೂರಿನಲ್ಲಿ ಮನೆ ಮಾಡಿ ಉಲ್ಟಾ ಓಡಾಡುವುದನ್ನು ನೋಡಿದರೆ ನಗು ಬರುತ್ತದೆ. ಪಕ್ಕದ ಊರು ಬಿಟ್ಟು ‘ಸಿಟಿಯಲ್ಲಿದ್ದೇವೆ’ ಎಂದು ಹೇಳಿಕೊಳ್ಳಲು ಕೊಡುವ ಬಾಡಿಗೆ ಅದು.

ಸೈಟು ಕೊಳ್ಳಿ ಎಂದು ನಾನು ಹೇಳುತ್ತಿಲ್ಲ, ಬಾಡಿಗೆಗಿರಿ ಎನ್ನುತ್ತೇನೆ. ಈ ಸೀಮೆಯ ಮಣ್ಣಿನ ಮೇಲೆ ದೊಡ್ಡವರ ಕಣ್ಣು ಬಿದ್ದು ಬಹಳ ದಿನವಾಯಿತು. 2006ರಲ್ಲಿ ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿ ಎಂದು ಐದು ಟೌನ್‌ಶಿಪ್‌ಗಳ ಯೋಜನೆ ಹಾಕಿದರು. ಸಾತನೂರೆಂದರೆ ನಮ್ಮ ಕಬ್ಬಾಳಿನ ಮಗ್ಗುಲು. 2025ರಲ್ಲಿ ಬಿಡದಿಯ ಯೋಜನೆ ಮತ್ತೆ ಎದ್ದು ಬೈರಮಂಗಲದ ಕಡೆಯ ರೈತರು ಬೀದಿಗಿಳಿದರು. ಅದೇ ವರ್ಷ, 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಜಿಲ್ಲೆ ಎಂದಾಯಿತು. ಹೆಸರು ಬದಲಾದ ಕೂಡಲೇ ಸೈಟಿನವರು ಪಾಂಪ್ಲೆಟ್ ಬದಲಾಯಿಸಲು ಓಡಿ ಬಂದರು. ಶಾಲೆಯ ಮೇಷ್ಟ್ರು ಬೋರ್ಡು ಬರೆಸಲು ದುಡ್ಡಿಲ್ಲ ಎಂದರು.

ಈಗ ಮುಖ್ಯ ಮಾತು. ಮನೆ ಬ್ರೋಕರ್ ಹೇಳದ, ಕಾನ್ವೆಂಟಿನವರು ಹೇಳಲು ಇಷ್ಟಪಡದ ಮಾತು. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದ ಮಕ್ಕಳಿಗೆ ಸಿಇಟಿ ಮೂಲಕ ವೃತ್ತಿಶಿಕ್ಷಣದ ಸೀಟುಗಳಲ್ಲಿ ಶೇ. 15 ಮೀಸಲು. ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ರಾಜ್ಯ ಸರ್ಕಾರದ ಹುದ್ದೆಗಳ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25, ಕನ್ನಡ ಮಾಧ್ಯಮದವರಿಗೆ ಶೇ. 5. ಷರತ್ತುಗಳಿವೆ, ಓದಿಕೊಳ್ಳಿ. ಆದರೆ ಒಂದನ್ನು ಗಮನಿಸಿ. ಇಲ್ಲಿ ಲೆಕ್ಕಕ್ಕೆ ಬರುವುದು ಮಗು ಓದಿದ ಶಾಲೆ ಇರುವ ಜಾಗ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಯ ಗಡಿಯೊಳಗಿನ ಶಾಲೆಯಾದರೆ ಗ್ರಾಮೀಣ ಕೋಟಾ ಇಲ್ಲ. ಗಡಿಯಾಚೆ ಗ್ರಾಮ ಪಂಚಾಯಿತಿಯ ಶಾಲೆಯಾದರೆ ಇದೆ. ರಾಮನಗರ ಸ್ಟೇಷನ್ನಿಗೆ ಬಸ್ಸಿನಲ್ಲಿ ಕಾಲು ಗಂಟೆಯ ಹಳ್ಳಿಯಲ್ಲಿ ಮನೆ ಮಾಡಿದವನ ಮಗುವಿಗೂ, ಊರೊಳಗೆ ಮನೆ ಮಾಡಿದವನ ಮಗುವಿಗೂ ಹತ್ತು ವರ್ಷದ ಮೇಲೆ ಆಗುವ ವ್ಯತ್ಯಾಸ ಎಷ್ಟು ದೊಡ್ಡದು! ಇಡೀ ಹತ್ತು ವರ್ಷ ಎಂಬುದನ್ನು ಮರೆಯಬೇಡಿ. ನಡುವೆ ಒಂದು ವರ್ಷ ಪಟ್ಟಣದ ಶಾಲೆಗೆ ಸೇರಿಸಿದರೂ ಮುಗಿಯಿತು.

ಹಿಂದೆ ಆರ್‌ಟಿಇ ಸೀಟಿನ ಆಸೆಗೆ ಖಾಸಗಿ ಶಾಲೆಯ ಪಕ್ಕ ಮನೆ ಮಾಡಿದವರಿದ್ದರು. 2019ರಿಂದ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಗೆ ಆ ಸೀಟಿಲ್ಲ. ಆ ಬಾಗಿಲು ಬಹುಪಾಲು ಮುಚ್ಚಿತು.

ಸರ್ಕಾರಿ ಶಾಲೆ ಎಂದರೆ ಕಣ್ಣುಮುಚ್ಚಿ ಸೇರಿಸಿ ಎಂದು ಹೇಳುವಷ್ಟು ಮೂಢ ನಾನಲ್ಲ. ಕೆಲವು ಶಾಲೆಯಲ್ಲಿ ಐದು ತರಗತಿಗೆ ಇಬ್ಬರು ಮೇಷ್ಟ್ರು. ಅವರಲ್ಲಿ ಒಬ್ಬರು ಸದಾ ಜನಗಣತಿ, ಚುನಾವಣೆ, ಮೀಟಿಂಗು ಎಂದು ಹೊರಗೆ. ಮನೆ ಹಿಡಿಯುವ ಮುಂಚೆ ಒಂದು ಕೆಲಸದ ದಿನ ಹೋಗಿ ನೋಡಿ, ಭಾನುವಾರವಲ್ಲ. ಮಕ್ಕಳು ಎಷ್ಟು, ಕಾಯಂ ಮೇಷ್ಟ್ರು ಎಷ್ಟು, ಅತಿಥಿ ಶಿಕ್ಷಕರು ಎಷ್ಟು ಕೇಳಿ. ಮೂವತ್ತು ಮಕ್ಕಳಿಗೆ ಒಬ್ಬರು ಶಿಕ್ಷಕರಿರಬೇಕು ಎನ್ನುತ್ತದೆ ಶಿಕ್ಷಣ ಹಕ್ಕು ಕಾಯಿದೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿದೆಯೇ ನೋಡಿ. ಏಳನೇ ತರಗತಿ ಮುಗಿದ ಮೇಲೆ ಪ್ರೌಢಶಾಲೆ ಎಲ್ಲಿ ಕೇಳಿ. ಬಿಸಿಯೂಟದ ಹೊತ್ತಿಗೆ ಹೋದರೆ ಶಾಲೆಯ ನಿಜವಾದ ಶಿಸ್ತು ಕಾಣುತ್ತದೆ, ಇದು ನನ್ನ ಅನುಭವ.

ಮಕ್ಕಳಿಲ್ಲದ ಶಾಲೆ ಹೆಚ್ಚು ದಿನ ಉಳಿಯುವುದಿಲ್ಲ ಎಂಬುದೂ ನೆನಪಿರಲಿ. 2025ರ ಕೊನೆಯಲ್ಲಿ ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನ ಕರ್ನಾಟಕ ಪಬ್ಲಿಕ್ ಶಾಲೆಗೆ ಸುತ್ತಲಿನ ಶಾಲೆಗಳನ್ನು ಸೇರಿಸುವ ವಿಚಾರಕ್ಕೆ ವಿರೋಧ ಎದ್ದಿತು. ವಿರೋಧ ಬೇಕು. ಆದರೆ ಧರಣಿಗೆ ಕೂತವರ ಮಕ್ಕಳು ಯಾವ ವ್ಯಾನಿನಲ್ಲಿ ಯಾವ ಶಾಲೆಗೆ ಹೋಗುತ್ತಾರೆ ಎಂದು ಅಧಿಕಾರಿ ತಿರುಗಿ ಕೇಳಿದರೆ ಏನು ಹೇಳುತ್ತೀರಿ?

‘ಇಂಗ್ಲಿಷ್ ಬೇಡವೇ ಸ್ವಾಮಿ?’ ಎನ್ನುತ್ತೀರಿ. ಬೇಕು. 2007ರಿಂದಲೂ ಕನ್ನಡ ಶಾಲೆಯಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯ. ಅದನ್ನು ಕಲಿಸಲು ಬರುವ ಮೇಷ್ಟ್ರನ್ನು ಕೊಡಿ ಎಂದು ಗಲಾಟೆ ಮಾಡಿ, ನಾನೂ ಬರುತ್ತೇನೆ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆದರು. ಮಕ್ಕಳನ್ನು ಉಳಿಸಿಕೊಳ್ಳಲು ಎಂದರು. ಶಾಲೆ ಉಳಿಸಲು ಹೋಗಿ ಅದರೊಳಗಿನ ಕನ್ನಡವನ್ನೇ ಆಚೆ ಕಳಿಸಿದ ಹಾಗಾಯಿತು ಎಂಬುದು ನನ್ನ ಅಭಿಪ್ರಾಯ. ಇದರಲ್ಲಿ ನನ್ನ ಜೊತೆ ಜಗಳವಾಡುವ ಗೆಳೆಯರು ನಮ್ಮ ಸಂಘಟನೆಯಲ್ಲೇ ಇದ್ದಾರೆ. ಅವರಲ್ಲಿ ಬಡವರೇ ಹೆಚ್ಚು. ಹಾಗಾಗಿ ಅವರ ಮಾತನ್ನು ಹಗುರ ಮಾಡಲಾರೆ.

ಆಟೋ ಓಡಿಸುವವರಿಗೆ, ರಾತ್ರಿ ಪಾಳಿಯವರಿಗೆ ಬೆಂಗಳೂರು ಬಿಟ್ಟು ಇರಲಾಗದು. ಅವರು ಅಂಚಿನ ಬಡಾವಣೆಯ ಬದಲು ಶಾಲೆ ಇರುವ ಹಳೇ ಊರಿನ ಓಣಿಯಲ್ಲೇ ಮನೆ ಹಿಡಿಯಲಿ. ಮನೆ ಸಣ್ಣದಾಗಬಹುದು, ಮಗು ನಡೆದು ಶಾಲೆಗೆ ಹೋಗುತ್ತದೆ. ಒಂಟಿಯಾಗಿ ಹೋಗುವ ಬದಲು ಒಂದೇ ಊರಿನ ಐದಾರು ಸಂಸಾರ ಒಂದೇ ಶಾಲೆಯ ಸುತ್ತ ಸೇರಿದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ ನಿಮ್ಮವರೇ ಕೂರುತ್ತಾರೆ. ಆಗ ಮೇಷ್ಟ್ರು ಬರಲಿಲ್ಲವೆಂದರೆ ಬಿಇಒ ಕಚೇರಿಗೆ ಐದು ಜನ ಹೋಗಬಹುದು.

ಸಂಘಟನೆಗಳಿಗೆ ಒಂದು ಮನವಿ. ನವೆಂಬರ್ ತಿಂಗಳ ಫ್ಲೆಕ್ಸಿನ ಖರ್ಚಿನಲ್ಲಿ ಸ್ವಲ್ಪ ಉಳಿಸಿ. ಕೆಂಗೇರಿಯಿಂದ ಚನ್ನಪಟ್ಟಣದವರೆಗೆ, ತಲಘಟ್ಟಪುರದಿಂದ ಕನಕಪುರದವರೆಗೆ, ತಾವರೆಕೆರೆಯಿಂದ ಮಾಗಡಿಯವರೆಗೆ ನಿಮ್ಮ ಶಾಖೆಯ ಹುಡುಗರು ಒಂದೊಂದು ಸರ್ಕಾರಿ ಶಾಲೆಗೂ ಹೋಗಿ ಬರಲಿ. ಶಾಲೆಯ ಹೆಸರು, ಎಷ್ಟನೇ ತರಗತಿಯವರೆಗೆ, ಮೇಷ್ಟ್ರು ಎಷ್ಟು, ಮಕ್ಕಳು ಎಷ್ಟು, ಪಂಚಾಯಿತಿ ಗಡಿಯೋ ಪುರಸಭೆ ಗಡಿಯೋ, ಹತ್ತಿರದ ಬಸ್ ನಿಲ್ದಾಣ ಅಥವಾ ರೈಲ್ವೆ ಸ್ಟೇಷನ್ ಯಾವುದು ಎಂದು ಬರೆದು ತನ್ನಿ. ನಾಲ್ಕು ಪುಟದ ಕರಪತ್ರ ಸಾಕು. ಕಾಗದದ ದುಡ್ಡು ನೀವು ಕೊಡಿ, ಅಚ್ಚಿನ ಕೂಲಿ ನಾನು ಬಿಡುತ್ತೇನೆ. ಮ್ಯಾಟರ್ ಮಾತ್ರ ಮಾರ್ಚ್ ಮುಗಿಯುವುದರೊಳಗೆ ನನ್ನ ಕೈಗೆ ಬರಬೇಕು. ಏಪ್ರಿಲ್ ಬಂತೆಂದರೆ ಮದುವೆ ಪತ್ರಿಕೆಗಳ ಹಾವಳಿ, ಮಿಷನ್ ಬಿಡುವಿರುವುದಿಲ್ಲ.